ಹದಿನೆಂಟರಲ್ಲಿ ಒಂದು ಪಾಲು

1987ರಲ್ಲಿ ಫ್ರಾನ್ಸಿನ ಮಾರ್ಸೇಯ್ ನಗರದಲ್ಲಿ ಪಿಯೆರ್ ಗೋಲ್‌ಸ್ಟೈನ್ ಅವರ ಪ್ರಯೋಗಾಲಯದವರು ಇಲಿಯ ಟಿ ಕೋಶಗಳಲ್ಲಿ, ಅಂದರೆ ಸೋಂಕಿನೊಡನೆ ಹೋರಾಡುವ ಬಿಳಿ ರಕ್ತಕೋಶಗಳಲ್ಲಿ, ಒಂದು ಹೊಸ ಜೀನ್ ಗುರುತಿಸಿದರು. ಅವರ ಪಟ್ಟಿಯಲ್ಲಿ ನಾಲ್ಕನೆಯದಾದ್ದರಿಂದ ಅದನ್ನು ಸಿಟಿಎಲ್ಎ-4 ಎಂದು ಕರೆದರು. ಅದರ ಕೆಲಸವೇನೆಂದು ಅವರಿಗೂ ತಿಳಿದಿರಲಿಲ್ಲ, ಬೇರೆ ಯಾರಿಗೂ ತಿಳಿದಿರಲಿಲ್ಲ. ಆಮೇಲಿನ ಏಳೆಂಟು ವರ್ಷ ಈ ಒಂದು ಅಣುವಿನ ಸುತ್ತ ವಿಜ್ಞಾನಿಗಳು ವಾದ ಮಾಡಿದರು. ಅದು ಟಿ ಕೋಶಕ್ಕೆ ‘ನಡೆ’ ಅನ್ನುತ್ತದೆಯೋ ‘ನಿಲ್ಲು’ ಅನ್ನುತ್ತದೆಯೋ ಎಂಬುದೇ ವಾದ. ಇವತ್ತು ನಮ್ಮ ವಾರ್ಡುಗಳಲ್ಲಿ ರೋಗಿಗಳು ‘ಇಮ್ಯುನೋ’ ಅನ್ನುವ ಚಿಕಿತ್ಸೆ ಹುಟ್ಟಿದ್ದು ಆ ವಾದ ಬಗೆಹರಿದ ದಿನದಿಂದ.

ನಾನು ವೈದ್ಯೆಯಲ್ಲ, ವಿಜ್ಞಾನಿಯೂ ಅಲ್ಲ. ಬೆಂಗಳೂರಿನ ಒಂದು ಆಸ್ಪತ್ರೆಯ ಕ್ಯಾನ್ಸರ್ ವಿಭಾಗದಲ್ಲಿ ಔಷಧ ಬೆರೆಸಿ ಕೊಡುವ ಫಾರ್ಮಸಿಸ್ಟ್. ಎರಡು ಜೊತೆ ಕೈಗವಸು ತೊಟ್ಟು, ಗಾಳಿ ಶೋಧಿಸುವ ಗಾಜಿನ ಪೆಟ್ಟಿಗೆಯೊಳಗೆ ಕೈ ಇಟ್ಟು, ಸೀಸೆಯಿಂದ ಸಿರಿಂಜಿಗೆ, ಸಿರಿಂಜಿನಿಂದ ಸಲೈನ್ ಚೀಲಕ್ಕೆ ಔಷಧ ದಾಟಿಸುವುದು ನನ್ನ ದಿನದ ಕೆಲಸ. ಕಿಟಕಿಯ ಆಚೆ ನಿಂತ ಮನೆಯವರು ಕೇಳುವ ಪ್ರಶ್ನೆಗಳೂ ನನ್ನ ಪಾಲಿಗೇ ಬರುತ್ತವೆ. ‘ಮೊದ್ಲು ಕರೆಂಟ್ ಕೊಟ್ರು, ಆಮೇಲೆ ಕೀಮೋ ಕೊಟ್ರು. ಇದೂ ಕೀಮೋನೇ ತಾನೆ ಮೇಡಂ? ಕೂದಲು ಉದುರಲ್ಲ ಅಂತಾರಲ್ಲ?’ ಈ ಪ್ರಶ್ನೆಗೆ ನೆಟ್ಟಗೆ ಉತ್ತರ ಕೊಡಬೇಕೆಂದೇ ನಾನು ಓದಲು ಶುರು ಮಾಡಿದ್ದು. ಆಮೇಲೊಮ್ಮೆ ಡಾಕ್ಟರ ಚೀಟಿಯಲ್ಲಿ ಕಂಡ ಒಂದು ಅಂಕಿ ನನ್ನನ್ನು ಈ ಚರಿತ್ರೆಯೊಳಕ್ಕೆ ಇನ್ನೂ ಆಳಕ್ಕೆ ಎಳೆಯಿತು. ಆ ಅಂಕಿಯ ಕತೆಯನ್ನು ಕೊನೆಗೆ ಹೇಳುತ್ತೇನೆ.

ದೇಹದ ರಕ್ಷಣಾ ಪಡೆಯನ್ನೇ ಕ್ಯಾನ್ಸರಿನ ಮೇಲೆ ಬಿಡಬೇಕೆಂಬ ಆಸೆ ಹಳೆಯದು. 1890ರಲ್ಲಿ ನ್ಯೂಯಾರ್ಕಿನಲ್ಲಿ ವಿಲಿಯಂ ಕೋಲಿ ಎಂಬ ಎಳೆಯ ಶಸ್ತ್ರವೈದ್ಯನ ಬಳಿ ಬೆಸಿ ಡಶೀಲ್ ಎಂಬ ಹದಿನೇಳರ ಹುಡುಗಿ ಬಂದಳು. ಅವಳ ಕೈಯಲ್ಲಿ ಸಾರ್ಕೋಮಾ ಗಡ್ಡೆಯಿತ್ತು. ಕೋಲಿ ತೋಳನ್ನೇ ಕತ್ತರಿಸಿದರೂ ರೋಗ ಮೈಯೆಲ್ಲ ಹರಡಿ, 1891ರ ಜನವರಿಯಲ್ಲಿ ಹುಡುಗಿ ತೀರಿಕೊಂಡಳು. ಅವಳ ಸಾವು ಕೋಲಿಯನ್ನು ಸುಮ್ಮನಿರಲು ಬಿಡಲಿಲ್ಲ. ಆಸ್ಪತ್ರೆಯ ಹಳೆಯ ದಾಖಲೆಗಳನ್ನು ತಿರುವಿಹಾಕಿದರು. ಅಲ್ಲಿ ಸ್ಟೈನ್ ಎಂಬ ಜರ್ಮನ್ ವಲಸಿಗನ ಕಡತ ಸಿಕ್ಕಿತು. ಅವನ ಕತ್ತಿನ ಗಡ್ಡೆಯನ್ನು ಎಷ್ಟು ಸಲ ಕೊಯ್ದು ತೆಗೆದರೂ ಮತ್ತೆ ಬೆಳೆಯುತ್ತಿತ್ತು. ಕೊನೆಗೆ ಗಾಯಕ್ಕೆ ಎರಿಸಿಪೆಲಸ್ ಎಂಬ ಬ್ಯಾಕ್ಟೀರಿಯಾ ಸೋಂಕು ತಗುಲಿ, ಜ್ವರ ಏರಿ, ಜ್ವರದ ಬೆನ್ನಿಗೇ ಗಡ್ಡೆ ಕರಗಿಹೋಯಿತು ಎಂದು ಕಡತ ಹೇಳುತ್ತಿತ್ತು. ಕೋಲಿ ಮ್ಯಾನ್‌ಹಟನ್ನಿನ ವಲಸಿಗರ ಗಲ್ಲಿಗಳಲ್ಲಿ ಹುಡುಕಾಡಿ ಆ ಮನುಷ್ಯನನ್ನು ಪತ್ತೆಹಚ್ಚಿದರು. ಅಷ್ಟು ವರ್ಷಗಳ ಮೇಲೂ ಅವನು ಆರೋಗ್ಯವಾಗಿದ್ದ. ಆಸ್ಪತ್ರೆ ಬಿಟ್ಟುಹೋದ ರೋಗಿಯನ್ನು ಹೀಗೆ ಹುಡುಕಿಕೊಂಡು ಹೋದ ವೈದ್ಯರ ಬಗ್ಗೆ ನನಗೆ ತುಂಬು ಗೌರವ. ನಮ್ಮಲ್ಲಿ ಎಷ್ಟೋ ರೋಗಿಗಳು ಚಿಕಿತ್ಸೆಯ ನಡುವೆಯೇ ಬರುವುದು ನಿಲ್ಲಿಸುತ್ತಾರೆ. ಅವರೇನಾದರು ಎಂದು ನೋಡಲು ಯಾರಿಗೂ ಬಿಡುವಿರುವುದಿಲ್ಲ.

ಕೋಲಿ ಮೊದಲು ಜೀವಂತ ಬ್ಯಾಕ್ಟೀರಿಯಾವನ್ನೂ, ಅದು ಅಪಾಯವೆಂದು ಕಂಡಮೇಲೆ ಕಾಯಿಸಿ ಕೊಂದ ಬ್ಯಾಕ್ಟೀರಿಯಾವನ್ನೂ ಗಡ್ಡೆಗಳಿಗೆ ಚುಚ್ಚಿದರು. ಕೆಲವರು ನಿಜಕ್ಕೂ ಉಳಿದರು. ಕೆಲವರು ಯಾಕೆ ಉಳಿದರು, ಮಿಕ್ಕವರೇಕೆ ಸತ್ತರು ಎಂದು ವಿವರಿಸುವ ದಾರಿ ಅವರಿಗಿರಲಿಲ್ಲ. ಅಷ್ಟರಲ್ಲಿ ವಿಕಿರಣ ಬಂತು. ಅದರ ಫಲವನ್ನು ಅಳೆಯಬಹುದಿತ್ತು, ಮುಂಚಿತವಾಗಿ ಹೇಳಬಹುದಿತ್ತು. ಕೋಲಿಯ ಔಷಧ ಮೂಲೆಗೆ ಸರಿಯಿತು. 1936ರಲ್ಲಿ ಅವರು ತೀರಿಹೋದರು.

ಅಲ್ಲಿಂದ ಮುಂದಿನ ಐವತ್ತು ವರ್ಷ ಹೆಚ್ಚುಕಡಿಮೆ ಒಂದೇ ದಾರಿಯಲ್ಲಿ ಹೋಯಿತು. ರಕ್ಷಣಾ ಪಡೆಗೆ ಇನ್ನಷ್ಟು ಹುರುಪು ಕೊಡಿ, ಇನ್ನಷ್ಟು ಕೆರಳಿಸಿ ಎಂಬುದೇ ಎಲ್ಲರ ಹಂಬಲ. ಇಂಟರ್‌ಫೆರಾನ್ ಬಂತು, ಲಸಿಕೆಗಳು ಬಂದವು. ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯಲ್ಲಿ ಸ್ಟೀವನ್ ರೋಸೆನ್‌ಬರ್ಗ್ ಇಂಟರ್‌ಲ್ಯೂಕಿನ್-2 ಎಂಬ, ಟಿ ಕೋಶಗಳನ್ನು ಬೆಳೆಸುವ ಪ್ರೋಟೀನನ್ನು ಭಾರಿ ಪ್ರಮಾಣದಲ್ಲಿ ಕೊಟ್ಟು 1984ರಲ್ಲಿ ಮೊದಲ ಗೆಲುವು ಕಂಡರು. ಆದರೆ ರಕ್ತನಾಳಗಳು ಸೋರಿ, ರಕ್ತದೊತ್ತಡ ಕುಸಿದು ರೋಗಿಗಳು ಐಸಿಯು ಸೇರುತ್ತಿದ್ದರು. ಗುಣವಾಗುತ್ತಿದ್ದವರು ಬೆರಳೆಣಿಕೆಯಷ್ಟು ಮಂದಿ.

ಈ ಎಲ್ಲ ಪ್ರಯತ್ನಗಳಲ್ಲಿ ಯಾರೂ ಗಟ್ಟಿಯಾಗಿ ಕೇಳದೆ ಬಿಟ್ಟ ಪ್ರಶ್ನೆಯೊಂದಿತ್ತು: ಕೆರಳಿದ ಟಿ ಕೋಶ ಶಾಂತವಾಗುವುದು ಹೇಗೆ? ನೆಗಡಿ ಬಂದು ಹೋದಮೇಲೆ ಗಂಟಲಿನ ಊತ ಇಳಿಯುತ್ತದಲ್ಲ, ಅದನ್ನು ಇಳಿಸುವುದು ಯಾವುದು? ಉತ್ತರಕ್ಕಾಗಿ ಟಿ ಕೋಶದ ಮೈಮೇಲಿನ ಗ್ರಾಹಿಗಳನ್ನು ಒಂದೊಂದಾಗಿ ಕಲಿಯಬೇಕಾಯಿತು.

ಟಿ ಕೋಶಗಳ ಮಹತ್ವ ತಿಳಿದದ್ದೇ 1961ರಲ್ಲಿ, ಲಂಡನ್ನಿನಲ್ಲಿ ಜಾಕ್ ಮಿಲ್ಲರ್ ಆಗತಾನೆ ಹುಟ್ಟಿದ ಇಲಿಮರಿಗಳ ಥೈಮಸ್ ಗ್ರಂಥಿಯನ್ನು ತೆಗೆದು ನೋಡಿದಾಗ. ಆ ಮರಿಗಳಿಗೆ ಸೋಂಕು ಎದುರಿಸುವ ಶಕ್ತಿಯೇ ಇರಲಿಲ್ಲ, ಪರಕೀಯ ಚರ್ಮವನ್ನು ಅಂಟಿಸಿದರೂ ತಳ್ಳಿಹಾಕುತ್ತಿರಲಿಲ್ಲ. ಟಿ ಕೋಶ ಶತ್ರುವನ್ನು ಗುರುತಿಸುವ ಗ್ರಾಹಿಗಾಗಿ ಆಮೇಲೆ ಇಪ್ಪತ್ತು ವರ್ಷ ಹುಡುಕಾಟ ನಡೆಯಿತು. ಟೆಕ್ಸಸ್‌ನ ಸ್ಮಿತ್‌ವಿಲ್ ಎಂಬ ಸಣ್ಣ ಊರಿನ ಪ್ರಯೋಗಾಲಯದಲ್ಲಿ ಜಿಮ್ ಆಲಿಸನ್ ಎಂಬ ಯುವಕ 1982ರಲ್ಲಿ ಆ ಪ್ರೋಟೀನಿನ ಜಾಡು ಹಿಡಿದರು. 1984ರಲ್ಲಿ ಮಾರ್ಕ್ ಡೇವಿಸ್ ಇಲಿಯಲ್ಲಿ, ಟಾಕ್ ಮಾಕ್ ಮನುಷ್ಯನಲ್ಲಿ ಅದರ ಜೀನನ್ನೇ ಹೊರತೆಗೆದರು.

ಆಗ ಹೊಸದೊಂದು ಒಗಟು ಎದುರಾಯಿತು. ಈ ಗ್ರಾಹಿಯ ಹೊರಗಿನ ಭಾಗ ದೊಡ್ಡದು, ಕೋಶದೊಳಕ್ಕೆ ಚಾಚಿದ ಬಾಲ ಮಾತ್ರ ತೀರಾ ಮೋಟು. ಹೊರಗೆ ಶತ್ರು ಸಿಕ್ಕಿತೆಂಬ ಸುದ್ದಿಯನ್ನು ಅದು ಒಳಗೆ ಮುಟ್ಟಿಸುವುದು ಹೇಗೆ? ಗ್ರಾಹಿಯ ಅಕ್ಕಪಕ್ಕ ಸಿಡಿ3 ಎಂಬ ಪ್ರೋಟೀನುಗಳ ಗುಂಪು ನಿಂತಿರುತ್ತದೆ. ಅವುಗಳಲ್ಲಿ ಮುಖ್ಯವಾದ ಜೀಟಾ ಸರಪಳಿಗೆ ಉದ್ದನೆಯ ಬಾಲವಿದೆ. ಈ ಗುಂಪಿನ ಬಾಲಗಳಲ್ಲಿ ಒಂದೇ ಬಗೆಯ ತುಣುಕು ಹತ್ತು ಕಡೆ ಇದೆ. ಆ ವಿನ್ಯಾಸವನ್ನು 1989ರಲ್ಲಿ ಗುರುತಿಸಿದವರು ಜರ್ಮನಿಯ ಮೈಕೆಲ್ ರೆತ್. ಶತ್ರು ತಗುಲಿದೊಡನೆ ಎಲ್‌ಸಿಕೆ ಎಂಬ ಕಿಣ್ವ ಆ ತುಣುಕುಗಳಿಗೆ ಫಾಸ್ಫೇಟ್ ಅಂಟಿಸುತ್ತದೆ. ಫಾಸ್ಫೇಟ್ ಕಂಡಲ್ಲಿ ಝ್ಯಾಪ್-70 ಎಂಬ ಇನ್ನೊಂದು ಕಿಣ್ವ ಬಂದು ಕೂರುತ್ತದೆ. ನಿಮಿಷಗಳೊಳಗೆ ಕೋಶದಲ್ಲಿ ಕ್ಯಾಲ್ಸಿಯಂ ಏರಿ, ಜೀನುಗಳು ಎಚ್ಚೆತ್ತು, ಕೋಶ ಕೊಲ್ಲಲು ಸಜ್ಜಾಗುತ್ತದೆ. ಝ್ಯಾಪ್-70 ಅನ್ನು ಹೆಕ್ಕಿ ತೋರಿಸಿದವರು ಸ್ಯಾನ್ ಫ್ರಾನ್ಸಿಸ್ಕೋದ ಆರ್ಥರ್ ವೈಸ್. ಅದಕ್ಕೂ ತುಸು ಮುಂಚೆ, 1991ರಲ್ಲಿ, ಅವರೂ ಬ್ರಯಾನ್ ಅರ್ವಿಂಗ್ ಅವರೂ ಜೀಟಾದ ಬಾಲವೊಂದನ್ನೇ ಬೇರೆ ಗ್ರಾಹಿಯ ತಲೆಗೆ ಜೋಡಿಸಿ, ಟಿ ಕೋಶವನ್ನು ಕೆರಳಿಸಲು ಅಷ್ಟೇ ಸಾಕೆಂದು ತೋರಿಸಿದರು. ಈ ಮಾತು ಮುಂದೆ ಬೇಕಾಗುತ್ತದೆ.

ಆದರೆ ಮೈಯೊಳಗಿನ ಟಿ ಕೋಶಕ್ಕೆ ಒಂದು ಸಂಕೇತ ಸಾಲದು. ರಕ್ಷಣಾ ಕೋಶಗಳು ಕೆರಳಲು ಎರಡು ಬೇಕು ಎಂದು 1970ರಲ್ಲೇ ಪೀಟರ್ ಬ್ರೆಚರ್ ಮತ್ತು ಮೆಲ್ವಿನ್ ಕೋನ್ ತರ್ಕದಿಂದ ಊಹಿಸಿದ್ದರು. ಎರಡನೆಯದು ಸಿಗದೆ ಮೊದಲನೆಯದು ಮಾತ್ರ ಸಿಕ್ಕಿದ ಕೋಶ ಕೆರಳುವ ಬದಲು ಮರಗಟ್ಟಿ ಕೂರುತ್ತದೆ ಎಂದು 1987ರಲ್ಲಿ ಮಾರ್ಕ್ ಜೆಂಕಿನ್ಸ್ ಮತ್ತು ರೊನಾಲ್ಡ್ ಶ್ವಾರ್ಟ್ಜ್ ಪ್ರಯೋಗದಲ್ಲಿ ಕಂಡರು. ಆ ಎರಡನೆಯ ಸಂಕೇತ ಕೊಡುವ ಗ್ರಾಹಿಯೇ ಸಿಡಿ28. ಅದನ್ನು ತಟ್ಟುವ, ಬೇರೆ ಕೋಶಗಳ ಮೇಲಿರುವ ಅಣು ಬಿ7. ಇಷ್ಟಾಗುವಾಗ ಸಿಯಾಟಲ್‌ನ ಪೀಟರ್ ಲಿನ್‌ಸ್ಲಿ 1991ರಲ್ಲಿ ಇನ್ನೊಂದು ಸಂಗತಿ ಕಂಡರು. ಮಾರ್ಸೇಯ್‌ನ ಆ ನಾಲ್ಕನೇ ಅಣು, ಸಿಟಿಎಲ್ಎ-4, ಅದೇ ಬಿ7 ಅನ್ನು ಸಿಡಿ28ಗಿಂತ ಎಷ್ಟೋ ಪಟ್ಟು ಬಿಗಿಯಾಗಿ ಹಿಡಿಯುತ್ತದೆ!

ರೂಪ ಒಂದೇ, ಹಿಡಿಯುವ ಅಣು ಒಂದೇ. ಹಾಗಾದರೆ ಕೆಲಸವೂ ಒಂದೇ ಇರಬೇಕು, ಇದೂ ‘ನಡೆ’ ಎನ್ನುವ ಗ್ರಾಹಿಯೇ ಎಂದು ಹಲವರು ನಂಬಿದರು. ಒಪ್ಪದವರು ಇಬ್ಬರು: ಶಿಕಾಗೋದ ಜೆಫ್ರಿ ಬ್ಲೂಸ್ಟೋನ್, ಮತ್ತು ಅಷ್ಟರಲ್ಲಿ ಬರ್ಕ್ಲಿಗೆ ಬಂದಿದ್ದ ಆಲಿಸನ್. ಆಲಿಸನ್ನರ ವಿದ್ಯಾರ್ಥಿ ಮ್ಯಾಕ್ಸ್ ಕ್ರುಮ್ಮೆಲ್ ಸಿಟಿಎಲ್ಎ-4ಕ್ಕೆ ಅಂಟುವ ಪ್ರತಿಕಾಯ ಎಂಬ ಪ್ರೋಟೀನು ತಯಾರಿಸಿ, ಅದರಿಂದ ಆ ಗ್ರಾಹಿಯನ್ನು ಒತ್ತಿ ತಟ್ಟೆಯಲ್ಲಿ ಪರೀಕ್ಷಿಸಿದಾಗ ಟಿ ಕೋಶಗಳು ಬೆಳೆಯುವುದನ್ನು ನಿಲ್ಲಿಸುತ್ತಿದ್ದವು. 1994ರಲ್ಲಿ ಬ್ಲೂಸ್ಟೋನ್, 1995ರಲ್ಲಿ ಆಲಿಸನ್ ಇದನ್ನು ಪ್ರಕಟಿಸಿದರು. ಅದೇ ವರ್ಷ ಆ ಜೀನನ್ನು ತೆಗೆದುಹಾಕಿದ ಇಲಿಗಳನ್ನು ಎರಡು ತಂಡಗಳು ಬೆಳೆಸಿದವು. ಮರಿಗಳು ಮೂರು-ನಾಲ್ಕು ವಾರಕ್ಕೇ ಸತ್ತವು. ಅವುಗಳ ಟಿ ಕೋಶಗಳು ಲಂಗುಲಗಾಮಿಲ್ಲದೆ ಬೆಳೆದು ಹೃದಯ, ಶ್ವಾಸಕೋಶಗಳನ್ನೆಲ್ಲ ತುಂಬಿಬಿಟ್ಟಿದ್ದವು. ಅಲ್ಲಿಗೆ ವಾದ ಮುಗಿಯಿತು. ಆಗುಂಬೆ ಘಾಟಿ ಇಳಿಯುವ ಬಸ್ಸಿಗೆ ಬ್ರೇಕ್ ಹೇಗೋ ಟಿ ಕೋಶಕ್ಕೆ ಸಿಟಿಎಲ್ಎ-4 ಹಾಗೆ ಎಂಬುದು ಖಚಿತವಾಯಿತು.

ಬ್ಲೂಸ್ಟೋನ್ ಮತ್ತು ಲಿನ್‌ಸ್ಲಿ ಈ ತಿಳಿವನ್ನು ಸ್ವಯಂನಿರೋಧಕ ರೋಗಗಳ ಕಡೆಗೆ, ಕಸಿ ಮಾಡಿದ ಅಂಗಗಳನ್ನು ಉಳಿಸುವ ಕಡೆಗೆ ಕೊಂಡೊಯ್ದರು. ಲಿನ್‌ಸ್ಲಿ ರೂಪಿಸಿದ ಸಿಟಿಎಲ್ಎ-4ರ ಕೃತಕ ರೂಪವೇ ಸಂಧಿವಾತಕ್ಕೆ ಕೊಡುವ ಅಬಾಟಸೆಪ್ಟ್. 2005ರಲ್ಲಿ ಅದಕ್ಕೆ ಅನುಮತಿ ದೊರೆಯಿತು. ಆಲಿಸನ್ ತದ್ವಿರುದ್ಧ ದಿಕ್ಕಿನಲ್ಲಿ ಯೋಚಿಸಿದರು. ಬ್ರೇಕ್ ಬಿಟ್ಟರೆ ಟಿ ಕೋಶ ಗಡ್ಡೆಯನ್ನು ತಿನ್ನಬಹುದಲ್ಲ? ಬಾಲ್ಯದಲ್ಲೇ ತಾಯಿಯನ್ನು ಲಿಂಫೋಮಾಕ್ಕೆ ಕಳೆದುಕೊಂಡವರು ಅವರು. 1994ರ ಕೊನೆಯಲ್ಲಿ ಅವರ ಪ್ರಯೋಗಾಲಯದ ಡೇನಾ ಲೀಚ್ ಗಡ್ಡೆ ನೆಟ್ಟ ಇಲಿಗಳಿಗೆ ಸಿಟಿಎಲ್ಎ-4 ಅನ್ನು ತಡೆಹಿಡಿಯುವ ಪ್ರತಿಕಾಯ ಚುಚ್ಚಿದರು. ಗಡ್ಡೆಗಳು ಮಾಯವಾದವು. ಫಲ ನಂಬಲಾಗದಷ್ಟು ಚೆನ್ನಾಗಿದ್ದುದರಿಂದ ಕ್ರಿಸ್ಮಸ್ ರಜೆಯಲ್ಲೇ ಮತ್ತೊಮ್ಮೆ ನಡೆಸಿದರು. ಯಾವ ಪಂಜರಕ್ಕೆ ಏನು ಕೊಟ್ಟಿದೆ ಎಂಬುದು ತನಗೇ ತಿಳಿಯದಂತೆ ಆಲಿಸನ್ ಸ್ವತಃ ಗಡ್ಡೆಗಳನ್ನು ಅಳೆದರು. ಮೊದಮೊದಲು ಎಲ್ಲ ಪಂಜರಗಳಲ್ಲೂ ಗಡ್ಡೆ ಬೆಳೆಯುತ್ತಲೇ ಇತ್ತು. ಆಮೇಲೆ ಕೆಲವು ಪಂಜರಗಳಲ್ಲಿ ಬೆಳವಣಿಗೆ ನಿಂತಿತು, ಕುಗ್ಗಿತು, ಇಲ್ಲವಾಯಿತು. 1996ರ ಮಾರ್ಚಿನಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಅದು ಪ್ರಕಟವಾಯಿತು.

ಮೊದಲು ಬೆಳೆದು ಆಮೇಲೆ ಕರಗಿತು ಎಂಬ ಈ ಸಂಗತಿಯ ಮೇಲೆ ನಾನು ತುಸು ನಿಲ್ಲುತ್ತೇನೆ, ಏಕೆಂದರೆ ಮನುಷ್ಯರ ಮೇಲಿನ ಪರೀಕ್ಷೆಯಲ್ಲಿ ಇದೇ ಔಷಧದ ಕೊರಳಿಗೆ ಉರುಳಾಗುವುದರಲ್ಲಿತ್ತು. ದೊಡ್ಡ ಔಷಧ ಕಂಪನಿಗಳು ಆಲಿಸನ್ನರ ಮಾತಿಗೆ ಕಿವಿಗೊಡಲಿಲ್ಲ. ಇಮ್ಯುನೋ ಹೆಸರಿನಲ್ಲಿ ಅವು ಆಗಲೇ ಬಹಳ ಕೈ ಸುಟ್ಟುಕೊಂಡಿದ್ದವು. ಕೊನೆಗೆ ಮೆಡರೆಕ್ಸ್ ಎಂಬ ಸಣ್ಣ ಕಂಪನಿ ಮುಂದೆ ಬಂತು. ಮನುಷ್ಯರ ಪ್ರತಿಕಾಯ ತಯಾರಿಸುವಂತೆ ಮಾರ್ಪಡಿಸಿದ ಇಲಿಗಳು ಅವರಲ್ಲಿದ್ದವು. ಹಾಗೆ ಇಪಿಲಿಮುಮ್ಯಾಬ್ ಹುಟ್ಟಿತು. ಕೀಮೋ ಔಷಧಗಳಿಗೆ ಹಾಕಿಟ್ಟಿದ್ದ ಅಳತೆಗೋಲು ಏನೆಂದರೆ, ಕೆಲವು ವಾರಗಳಲ್ಲಿ ಗಡ್ಡೆ ಇಷ್ಟು ಕುಗ್ಗಬೇಕು. ಬೆಳೆದರೆ ಔಷಧ ಸೋತಂತೆ. ಈ ಔಷಧ ಪಡೆದ ಕೆಲವರ ಸ್ಕ್ಯಾನಿನಲ್ಲಿ ಗಡ್ಡೆ ಮೊದಲು ದೊಡ್ಡದಾಗಿ ಕಾಣುತ್ತಿತ್ತು, ತಿಂಗಳುಗಳ ಮೇಲೆ ಕರಗುತ್ತಿತ್ತು. ಇದೇ ಜಾತಿಯ ಇನ್ನೊಂದು ಔಷಧ, ಫೈಜರ್ ಕಂಪನಿಯ ಟ್ರೆಮೆಲಿಮುಮ್ಯಾಬ್, 2008ರಲ್ಲಿ ಸೋತಿತೆಂದು ಪರೀಕ್ಷೆ ನಿಂತಿತು. ಇಪಿಲಿಮುಮ್ಯಾಬಿನವರು ಅಳತೆಗೋಲನ್ನೇ ಬದಲಿಸಿ, ರೋಗಿ ಎಷ್ಟು ಕಾಲ ಬದುಕಿದ ಎಂಬುದನ್ನು ಎಣಿಸಲು ತೀರ್ಮಾನಿಸಿದರು. ಅದಕ್ಕೆ ವರ್ಷಗಟ್ಟಲೆ ಕಾಯಬೇಕಿತ್ತು, ಕಾದರು. 2010ರಲ್ಲಿ ಮೆಲನೋಮಾ ಎಂಬ ಚರ್ಮದ ಕ್ಯಾನ್ಸರಿನ 676 ರೋಗಿಗಳ ಲೆಕ್ಕ ಹೊರಬಂತು: ಹೋಲಿಕೆಯ ಲಸಿಕೆ ಪಡೆದವರ ಮಧ್ಯಮ ಆಯುಷ್ಯ 6.4 ತಿಂಗಳು, ಈ ಔಷಧ ಪಡೆದವರದು 10. ಅಂಕಿ ಸಣ್ಣದೆನಿಸಬಹುದು. ಆದರೆ ಐದರಲ್ಲಿ ಒಬ್ಬರಂತೆ ಮೂರು ವರ್ಷ ದಾಟಿದವರ ಗೆರೆ ಆಮೇಲೆ ಕೆಳಗಿಳಿಯದೆ ಚಪ್ಪಟೆಯಾಗಿ ಸಾಗಿತು. ಹಬ್ಬಿದ ಮೆಲನೋಮಾದಲ್ಲಿ ಅಂಥ ಗೆರೆಯನ್ನು ಅದುವರೆಗೆ ಯಾರೂ ಕಂಡಿರಲಿಲ್ಲ. 2011ರ ಮಾರ್ಚಿನಲ್ಲಿ ಅಮೆರಿಕ ಅನುಮತಿ ನೀಡಿತು.

ಇದೇ ಹೊತ್ತಿನಲ್ಲಿ ಜಪಾನಿನ ಕ್ಯೋಟೋದಲ್ಲಿ ಇನ್ನೊಂದು ಚರಿತ್ರೆ ನಡೆದಿತ್ತು, ಬೇರೆಯದೇ ಬೀಜದಿಂದ. ತಸುಕು ಹೊಂಜೊ ಅವರ ಪ್ರಯೋಗಾಲಯದಲ್ಲಿ ಯಸುಮಾಸ ಇಶಿದ ಎಂಬ ವಿದ್ಯಾರ್ಥಿ ಕೋಶಗಳು ತಾವಾಗಿ ಸಾಯುವಾಗ ಎಚ್ಚೆತ್ತುಕೊಳ್ಳುವ ಜೀನುಗಳನ್ನು ಹುಡುಕುತ್ತಿದ್ದರು. 1992ರಲ್ಲಿ ಸಿಕ್ಕ ಒಂದಕ್ಕೆ ಸಾವಿನ ಹೆಸರನ್ನೇ ಸೇರಿಸಿ ಪಿಡಿ-1 ಎಂದರು. ಆಮೇಲೆ ನೋಡಿದರೆ ಅದಕ್ಕೂ ಕೋಶದ ಸಾವಿಗೂ ನೇರ ನಂಟೇ ಇರಲಿಲ್ಲ. ಹೊಂಜೊ ಬಿಡಲಿಲ್ಲ. ಆ ಜೀನಿಲ್ಲದ ಇಲಿಗಳನ್ನು ಬೆಳೆಸಿ ಕಾದರು. ಸಿಟಿಎಲ್ಎ-4 ಇಲ್ಲದ ಮರಿಗಳಂತೆ ಇವು ವಾರಗಳಲ್ಲಿ ಸಾಯಲಿಲ್ಲ. ತಿಂಗಳುಗಟ್ಟಲೆ ಚೆನ್ನಾಗಿಯೇ ಇದ್ದು, ವಯಸ್ಸಾದಂತೆ ಲೂಪಸ್ಸಿನಂಥ ರೋಗಕ್ಕೆ ತುತ್ತಾದವು. 1999ರಲ್ಲಿ ಅದು ಪ್ರಕಟವಾಯಿತು. ಇದೂ ಬ್ರೇಕೇ, ಆದರೆ ನಯವಾದದ್ದು ಎಂಬ ತೀರ್ಮಾನಕ್ಕೆ ಬಂದರು. ಮರುವರ್ಷ ಬಾಸ್ಟನ್ನಿನ ಗೋರ್ಡನ್ ಫ್ರೀಮನ್ ಜೊತೆ ಸೇರಿ, ಪಿಡಿ-1 ಅನ್ನು ಒತ್ತುವ ಅಣು ಯಾವುದೆಂದು ಕಂಡುಕೊಂಡರು. ಅದೇ ಪಿಡಿ-ಎಲ್1. ಮೇಯೋ ಕ್ಲಿನಿಕ್ಕಿನ ಲೀಪಿಂಗ್ ಚೆನ್ ಅದೇ ಅಣುವನ್ನು 1999ರಲ್ಲೇ ಬೇರೆ ಹೆಸರಿನಲ್ಲಿ ವರ್ಣಿಸಿದ್ದರು. ಹಲವು ಬಗೆಯ ಕ್ಯಾನ್ಸರ್ ಕೋಶಗಳ ಮೈಮೇಲೆ ಈ ಅಣು ದಟ್ಟವಾಗಿರುತ್ತದೆ. ತಿನ್ನಲು ಬಂದ ಟಿ ಕೋಶದ ಪಿಡಿ-1 ಅನ್ನು ಒತ್ತಿ ಅದನ್ನು ನಿಲ್ಲಿಸುವುದೇ ಕ್ಯಾನ್ಸರ್ ಕಲಿತ ವಿದ್ಯೆ.

ಒತ್ತಿದಾಗ ಒಳಗೆ ನಡೆಯುವುದು ಎಷ್ಟು ಸರಳ ನೋಡಿ. ಪಿಡಿ-1ರ ಬಾಲಕ್ಕೆ ಎಸ್ಎಚ್‌ಪಿ-2 ಎಂಬ ಕಿಣ್ವ ಬಂದು ಅಂಟುತ್ತದೆ. ಎಲ್‌ಸಿಕೆ ಅಂಟಿಸಿದ ಫಾಸ್ಫೇಟುಗಳನ್ನು ಕಿತ್ತುಹಾಕುವುದು ಅದರ ಕೆಲಸ. ಒಬ್ಬರು ಅಂಟಿಸುತ್ತಾರೆ, ಇನ್ನೊಬ್ಬರು ಕೀಳುತ್ತಾರೆ. ರೋಗಿಯ ಅಳಿವು ಉಳಿವು ಈ ಎರಡರ ತೂಕದ ಮೇಲೆ ನಿಂತಿದೆ. ಎಸ್ಎಚ್‌ಪಿ-2 ಎಲ್ಲಕ್ಕಿಂತ ಮೊದಲು ಕೈ ಹಾಕುವುದು ಸಿಡಿ28ರ ಫಾಸ್ಫೇಟಿಗೇ ಎಂದು 2017ರಲ್ಲಿ ರೊನಾಲ್ಡ್ ವೇಲ್ ಅವರ ತಂಡ ತೋರಿಸಿತು. ಸಿಟಿಎಲ್ಎ-4 ಬಿ7 ಅನ್ನು ಕಸಿದುಕೊಂಡು ಹೊರಗಿನಿಂದ ಸಿಡಿ28 ಅನ್ನು ಸುಮ್ಮನಾಗಿಸಿದರೆ, ಪಿಡಿ-1 ಅದನ್ನೇ ಒಳಗಿನಿಂದ ಸುಮ್ಮನಾಗಿಸುತ್ತದೆ. ಆ ಎರಡನೆಯ ಸಂಕೇತವನ್ನು 1970ರಲ್ಲಿ ಬರೀ ತರ್ಕದಿಂದ ಊಹಿಸಿದ್ದವರನ್ನು ಇಲ್ಲಿ ನೆನೆಯದೆ ಇರಲಾರೆ.

ಪಿಡಿ-1 ಅನ್ನು ಮುಚ್ಚುವ ಪ್ರತಿಕಾಯ ನಿವೊಲುಮ್ಯಾಬ್. ಜಪಾನಿನ ಓನೋ ಕಂಪನಿ ಮತ್ತು ಅದೇ ಮೆಡರೆಕ್ಸ್ ಸೇರಿ ತಂದದ್ದು. 2014ರ ಜುಲೈಯಲ್ಲಿ ಜಪಾನ್ ಅನುಮತಿ ಕೊಟ್ಟಿತು. ಸೆಪ್ಟೆಂಬರಿನಲ್ಲಿ ಅಮೆರಿಕದಲ್ಲಿ ಪೆಂಬ್ರೊಲಿಜುಮ್ಯಾಬ್ ಬಂತು. ಇದರ ಹುಟ್ಟು ನೆದರ್ಲೆಂಡ್ಸಿನ ಓಸ್ ಪಟ್ಟಣದ ಆರ್ಗನಾನ್ ಕಂಪನಿಯಲ್ಲಿ. ಅಲ್ಲಿನವರು ಹೊರಟದ್ದು ಪಿಡಿ-1 ಅನ್ನು ಒತ್ತಿ ಸ್ವಯಂನಿರೋಧಕ ರೋಗ ಶಮನ ಮಾಡುವ ಪ್ರತಿಕಾಯ ಹುಡುಕಲು, ಕೈಗೆ ಸಿಕ್ಕಿದ್ದು ಅದನ್ನು ಮುಚ್ಚುವಂಥದ್ದು. ಕಂಪನಿ ಎರಡು ಸಲ ಕೈಬದಲಾದಾಗ ಅದು ಮಾರಿಬಿಡುವ ಪಟ್ಟಿಗೂ ಸೇರಿತ್ತು. ಮಿದುಳಿಗೆ ಹಬ್ಬಿದ ಮೆಲನೋಮಾಕ್ಕೆ 2015ರಲ್ಲಿ ಅದನ್ನು ಪಡೆದ ಅಮೆರಿಕದ ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ನೂರು ವರ್ಷ ತುಂಬಿಸಿ 2024ರಲ್ಲಿ ತೀರಿಕೊಂಡರು. 2018ರಲ್ಲಿ ಆಲಿಸನ್ ಮತ್ತು ಹೊಂಜೊ ನೊಬೆಲ್ ಹಂಚಿಕೊಂಡರು.

ಸಿಟಿಎಲ್ಎ-4 ಇಲ್ಲದ ಆ ಇಲಿಮರಿಗಳ ಸಾವನ್ನು ನಾನು ಕೆಲಸದಲ್ಲಿ ದಿನವೂ ನೆನೆಯುತ್ತೇನೆ. ಬ್ರೇಕ್ ಸಡಿಲಿಸಿದರೆ ಟಿ ಕೋಶ ಗಡ್ಡೆಯನ್ನಷ್ಟೇ ತಿನ್ನುತ್ತದೆ ಎಂಬ ಭರವಸೆ ಯಾರೂ ಕೊಡಲಾರರು. ಕರುಳು, ಥೈರಾಯ್ಡ್, ಯಕೃತ್ತು, ಶ್ವಾಸಕೋಶ, ಅಪರೂಪಕ್ಕೆ ಹೃದಯ, ಯಾವುದರ ಮೇಲಾದರೂ ಅದು ತಿರುಗಿಬೀಳಬಹುದು. ಹಾಗಾಗಿ ಔಷಧ ಬೆರೆಸುವ ಮುಂಚೆ ಕಿಟಕಿಯಲ್ಲಿ ಪ್ರತಿಯೊಬ್ಬರನ್ನೂ ಕೇಳುತ್ತೇನೆ: ಬಹಿರ್ದೆಸೆಗೆ ದಿನಕ್ಕೆ ಎಷ್ಟು ಸಲ ಹೋಗ್ತೀರಿ? ಮೊದಲಿಗಿಂತ ಹೆಚ್ಚಾಗಿದೆಯಾ? ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತಾ? ಹೆಂಗಸರು ಸೊಸೆ ಮಗನ ಮುಂದೆ ಹೇಳಲು ನಾಚುತ್ತಾರೆ. ಅವರನ್ನು ಒಳಗೆ ಕರೆದು ಕೇಳುತ್ತೇನೆ. ನಾಚಿಕೆಯಿಂದ ಮುಚ್ಚಿಟ್ಟ ಭೇದಿ ಎರಡು ವಾರದಲ್ಲಿ ಕರುಳು ತೂತಾಗುವವರೆಗೂ ಹೋಗಬಹುದು. ಹೊತ್ತಿಗೆ ಸರಿಯಾಗಿ ಸ್ಟೀರಾಯ್ಡ್ ಕೊಟ್ಟರೆ ಬಹುಪಾಲು ಇಳಿಯುತ್ತದೆ. ಇಮ್ಯುನೋ ಅಂದರೆ ತೊಂದರೆಯಿಲ್ಲದ ಕೀಮೋ ಎಂದು ನಂಬಿ ಬರುವವರಿಗೆ ನಾನು ಸಿಟ್ಟಿಲ್ಲದೆ, ಆದರೆ ಬಿಡದೆ ಹೇಳುವ ಮಾತು ಇದೊಂದೇ.

ಜೀಟಾ ಬಾಲದ ಕತೆ ಇನ್ನೊಂದು ಕವಲಾಗಿ ಹರಿಯಿತು. ಇಸ್ರೇಲಿನ ವೈಜ್ಮನ್ ಸಂಸ್ಥೆಯ ಜೆಲಿಗ್ ಎಶ್‌ಹಾರ್, ಯೌವನದಲ್ಲಿ ಕಿಬ್ಬುಟ್ಜಿನಲ್ಲಿ ಜೇನು ಸಾಕಿದವರು, 1989ರಲ್ಲಿ ಟಿ ಕೋಶದ ಗ್ರಾಹಿಗೆ ಪ್ರತಿಕಾಯದ ತಲೆಯನ್ನು ಜೋಡಿಸಿದರು. 1993ರಲ್ಲಿ ಅದನ್ನೇ ಸರಳಗೊಳಿಸಿ ಒಂದೇ ಎಳೆಯ ಪ್ರತಿಕಾಯಕ್ಕೆ ಸಂಕೇತ ಕೊಡುವ ಬಾಲ ಕಟ್ಟಿದರು. ಇಂಥ ಕೃತಕ ಗ್ರಾಹಿ ತೊಡಿಸಿದ ಟಿ ಕೋಶಕ್ಕೆ ಕಾರ್-ಟಿ ಎಂದು ಹೆಸರು, ಅದರ ಅಡಿಗಲ್ಲು ಇದೇ. ಮೊದಲ ತಲೆಮಾರಿನ ಕಾರ್-ಟಿ ಕೋಶಗಳು ಮೈಯೊಳಗೆ ಬೇಗ ಸೊರಗಿದವು. ಕಾರಣ ಮತ್ತೆ ಅದೇ ಎರಡನೇ ಸಂಕೇತ! ಬಾಲಕ್ಕೆ ಸಿಡಿ28ರ ತುಣುಕನ್ನು ಮಿಶೆಲ್ ಸಡೆಲೆನ್, 4-1ಬಿಬಿ ಎಂಬ ಇನ್ನೊಂದು ಗ್ರಾಹಿಯ ತುಣುಕನ್ನು ಡಾರಿಯೊ ಕಂಪಾನ ಸೇರಿಸಿದಮೇಲೆ ಅವು ಬಾಳಿದವು. 2012ರಲ್ಲಿ ಫಿಲಡೆಲ್ಫಿಯಾದಲ್ಲಿ ಕಾರ್ಲ್ ಜೂನ್ ಅವರ ತಂಡ ಲ್ಯುಕೀಮಿಯಾದ ಆರು ವರ್ಷದ ಹುಡುಗಿ ಎಮಿಲಿ ವೈಟ್‌ಹೆಡ್‌ಗೆ ಈ ಕೋಶಗಳನ್ನು ಕೊಟ್ಟಾಗ ಮಗು ಸಾವಿನ ಅಂಚಿಗೆ ಹೋಯಿತು. ರಕ್ತದಲ್ಲಿ ಉರಿಯೂತ ಕೆರಳಿಸುವ ಐಎಲ್-6 ಎಂಬ ಪ್ರೋಟೀನು ಮೇರೆ ಮೀರಿ ಏರಿತ್ತು. ತನ್ನ ಮಗಳ ಸಂಧಿವಾತದಿಂದಾಗಿ ಜೂನ್ ಅವರಿಗೆ ಐಎಲ್-6ರ ಗ್ರಾಹಿಯನ್ನು ಮುಚ್ಚುವ ಟೊಸಿಲಿಜುಮ್ಯಾಬ್ ಗೊತ್ತಿತ್ತು. ಅದನ್ನು ಕೊಟ್ಟರು, ಹುಡುಗಿ ಉಳಿದಳು. 2017ರಲ್ಲಿ ಅನುಮತಿ ಪಡೆದಾಗ ಆ ಚಿಕಿತ್ಸೆಯ ಬೆಲೆ 4,75,000 ಡಾಲರ್. ಐಐಟಿ ಬಾಂಬೆಯ ರಾಹುಲ್ ಪುರ್ವಾರ್ ಮತ್ತು ಟಾಟಾ ಮೆಮೋರಿಯಲ್ ವೈದ್ಯರು ನಮ್ಮಲ್ಲೇ ರೂಪಿಸಿದ ನೆಕ್ಸ್‌ಕಾರ್19ಕ್ಕೆ 2023ರ ಅಕ್ಟೋಬರಿನಲ್ಲಿ ಅನುಮತಿ ಸಿಕ್ಕಿತು, ಬೆಲೆ ಸುಮಾರು ಹತ್ತನೇ ಒಂದು ಪಾಲಿಗೆ ಇಳಿಯಿತು. ಬೆಂಗಳೂರಿನ ಇಮ್ಯುನೀಲ್ ಕಂಪನಿ 2025ರ ಜನವರಿಯಲ್ಲಿ ತನ್ನ ಕಾರ್ಟೆಮಿಯನ್ನು ತಂದಿತು. ಇದು ರಕ್ತದ ಕ್ಯಾನ್ಸರುಗಳ ಕತೆ. ನನ್ನ ಕಿಟಕಿಗೆ ಬರುವವರಲ್ಲಿ ಹೆಚ್ಚಿನವರದು ಬಾಯಿಯ ಕ್ಯಾನ್ಸರ್.

ನಮ್ಮೂರು ಚನ್ನಗಿರಿ ಸೀಮೆ. ಅಡಿಕೆ ತೋಟದ ದುಡ್ಡಿನಲ್ಲೇ ನಾನು ಓದಿದ್ದು, ಮದುವೆಯಾದದ್ದು. ಅಡಿಕೆಯೇ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಪ್ರಕಟಿಸಿದ ವರದಿ ಹೇಳುತ್ತದೆ. ಹೊಗೆಸೊಪ್ಪು ಸೇರಿದರಂತೂ ಕೇಳುವುದೇ ಬೇಡ. ಕೆನ್ನೆ ತೂತಾಗಿ ಟವೆಲ್ ಮುಚ್ಚಿಕೊಂಡು ಬರುವ ನಲವತ್ತರ ಗಂಡಸರನ್ನು ನೋಡುವಾಗ ನನ್ನ ಓದಿನ ಋಣ ಯಾರದ್ದೆಂದು ನನಗೆ ನೆನಪಿರುತ್ತದೆ. ಅವರಿಗೆ ನಿವೊಲುಮ್ಯಾಬ್ ಕೆಲಸ ಮಾಡುತ್ತದೆ ಎಂದು 2016ರಿಂದಲೇ ಗೊತ್ತು. ಎರಡು ವಾರಕ್ಕೊಮ್ಮೆ 240 ಮಿಲಿಗ್ರಾಂ, ಸಾಧ್ಯವಾದಷ್ಟು ಕಾಲ. ತೋಟ ಮಾರಿದರೂ ಆ ಲೆಕ್ಕ ಹೊಂದುವುದಿಲ್ಲ.

ಡಾಕ್ಟರ ಚೀಟಿಯಲ್ಲಿ ನನಗೆ ಕಂಡ ಅಂಕಿ 20 ಮಿಲಿಗ್ರಾಂ, ಮೂರು ವಾರಕ್ಕೊಮ್ಮೆ. ಸೊನ್ನೆಯೊಂದು ಬಿಟ್ಟುಹೋಗಿದೆಯೇ ಎಂದು ಫೋನ್ ಮಾಡಿದೆ. ಇಲ್ಲ, ಅಷ್ಟೇ ಎಂದರು ಡಾಕ್ಟರು. ಮುಂಬಯಿಯ ಟಾಟಾ ಮೆಮೋರಿಯಲ್‌ನಲ್ಲಿ ವಿಜಯ್ ಪಾಟೀಲ್, ಕುಮಾರ್ ಪ್ರಭಾಶ್ ಮತ್ತವರ ತಂಡ 151 ರೋಗಿಗಳ ಮೇಲೆ ನಡೆಸಿದ ಪರೀಕ್ಷೆಯನ್ನು ಓದಲು ಕೊಟ್ಟರು. ತಲೆ-ಕತ್ತಿನ ಕ್ಯಾನ್ಸರ್ ಕೈಮೀರಿದವರಿಗೆ ಅಗ್ಗದ ಮೂರು ಮಾತ್ರೆಗಳು, ಅರ್ಧದಷ್ಟು ಮಂದಿಗೆ ಅದರ ಜೊತೆ 20 ಮಿಲಿಗ್ರಾಂ ನಿವೊಲುಮ್ಯಾಬ್. ಒಂದು ವರ್ಷದ ಮೇಲೆ ಬದುಕಿದ್ದವರು ಮಾತ್ರೆ ಮಾತ್ರ ಪಡೆದವರಲ್ಲಿ ಶೇಕಡ 16.3, ನಿವೊಲುಮ್ಯಾಬ್ ಸೇರಿದವರಲ್ಲಿ ಶೇಕಡ 43.4. ವಾಡಿಕೆಯ ಲೆಕ್ಕದಲ್ಲಿ ಮೂರು ವಾರಕ್ಕೆ 360 ಮಿಲಿಗ್ರಾಂ ಆಗುತ್ತದೆ. ಇವರು ಕೊಟ್ಟದ್ದು ಹದಿನೆಂಟರಲ್ಲಿ ಒಂದು ಪಾಲು.

ಇಷ್ಟು ಸಾಕಾಗುವುದು ಹೇಗೆ? ಉತ್ತರ ಗ್ರಾಹಿಯಲ್ಲೇ ಇದೆ, 2010ರಿಂದಲೂ ಅಚ್ಚಾಗಿಯೇ ಇದೆ. ಜೂಲಿ ಬ್ರಾಮರ್ ಅವರ ತಂಡ ಮನುಷ್ಯರಿಗೆ ಈ ಔಷಧವನ್ನು ಮೊದಲ ಸಲ ಕೊಟ್ಟಾಗ ಕಿಲೋ ತೂಕಕ್ಕೆ 0.3ರಿಂದ 10 ಮಿಲಿಗ್ರಾಂವರೆಗೆ ಏರಿಸುತ್ತ ಹೋದರು. ರಕ್ತದಲ್ಲಿನ ಟಿ ಕೋಶಗಳ ಪಿಡಿ-1 ಎಷ್ಟರಮಟ್ಟಿಗೆ ಮುಚ್ಚಿದೆ ಎಂದು ಅಳೆದರು. ಕಡಿಮೆ ಕೊಟ್ಟರೂ ಹೆಚ್ಚು ಕೊಟ್ಟರೂ ಮುಚ್ಚಿದ ಪಾಲು ಸುಮಾರು ಶೇಕಡ 70ರ ಆಸುಪಾಸಿನಲ್ಲೇ ಇತ್ತು. ರಕ್ತದ ದ್ರವದಲ್ಲಿ ಔಷಧ ಕಾಣದಷ್ಟು ಕರಗಿದಮೇಲೂ, ಒಂದೇ ಡೋಸಿನ ಬಳಿಕ ಎರಡು ತಿಂಗಳು, ಗ್ರಾಹಿಗಳು ಮುಚ್ಚಿಯೇ ಇದ್ದವು. ಕೀಮೋ ವಿಷ, ಹೆಚ್ಚಿದಷ್ಟೂ ಹೆಚ್ಚು ಕೋಶಗಳನ್ನು ಕೊಲ್ಲುತ್ತದೆ. ಪ್ರತಿಕಾಯ ಹಾಗಲ್ಲ. ಗ್ರಾಹಿಗಳು ತುಂಬಿದಮೇಲೆ ಉಳಿದದ್ದಕ್ಕೆ ಹೋಗಿ ಕೂರಲು ಜಾಗವೇ ಇಲ್ಲ. ಅರವತ್ತು ಕಿಲೋ ತೂಗುವವರಿಗೆ ಅಂದಿನ ಅತಿ ಕಡಿಮೆ ಡೋಸನ್ನು ಲೆಕ್ಕ ಹಾಕಿದೆ. 18 ಮಿಲಿಗ್ರಾಂ ಬಂತು.

ಸೀಸೆಯಲ್ಲಿರುವುದು 40 ಮಿಲಿಗ್ರಾಂ, ನಾಲ್ಕು ಮಿಲಿಲೀಟರ್. ಒಬ್ಬರಿಗೆ ಎರಡು ಮಿಲಿಲೀಟರ್ ಸಾಕು. ಒಮ್ಮೆ ಸೂಜಿ ಚುಚ್ಚಿದ ಸೀಸೆಯನ್ನು ಮರುವಾರಕ್ಕೆ ಇಡಲಾಗದು, ಅದರಲ್ಲಿ ಕೆಡದಂತೆ ಕಾಯುವ ರಾಸಾಯನಿಕವಿಲ್ಲ. ಆದ್ದರಿಂದ ಇಬ್ಬರನ್ನು ಒಂದೇ ದಿನ ಕರೆಸಬೇಕು. ಹಿರಿಯೂರಿನವರಿಗೂ ಕನಕಪುರದವರಿಗೂ ಮೊದಲೇ ಫೋನ್ ಮಾಡಿ, ಇಬ್ಬರ ರಕ್ತಪರೀಕ್ಷೆಯೂ ಹಿಂದಿನ ದಿನವೇ ಮುಗಿದಿರುವಂತೆ ನೋಡಿ, ಒಬ್ಬರ ಬಸ್ಸು ತಡವಾದರೆ ಇನ್ನೊಬ್ಬರನ್ನು ಕೂರಿಸಿ ಕಾಯುತ್ತೇವೆ. ಒಂದು ಸೀಸೆಯ ಬೆಲೆ ಎರಡು ಮನೆಗಳ ನಡುವೆ ಹಂಚಿಹೋಗುತ್ತದೆ.

ಶೇಕಡ 43 ಎಂದರೆ ಅರ್ಧಕ್ಕಿಂತ ಹೆಚ್ಚು ಮಂದಿ ಆ ವರ್ಷವನ್ನು ದಾಟಲಿಲ್ಲ ಎಂದೇ ಅರ್ಥ. ಅವರ ಟಿ ಕೋಶಗಳನ್ನು ಯಾವ ಗ್ರಾಹಿ ತಡೆದಿತ್ತು? 1990ರಲ್ಲಿ ಫ್ರಾನ್ಸಿನ ಫ್ರೆಡೆರಿಕ್ ಟ್ರೀಬೆಲ್ ಕಂಡ ಎಲ್ಎಜಿ-3 ಎಂಬ ಬ್ರೇಕನ್ನು ಮುಚ್ಚುವ ಔಷಧಕ್ಕೆ 2022ರಲ್ಲಿ ಮೆಲನೋಮಾದಲ್ಲಿ ಅನುಮತಿ ಸಿಕ್ಕಿತು. ಬಾಯಿಯ ಕ್ಯಾನ್ಸರಿಗೆ ಅಂಥದ್ದೊಂದು ಬೇಕು. ಅದಕ್ಕೂ ಮುಂಚೆ, ಕೈಯಲ್ಲಿರುವುದರ ಅಳತೆ ಸರಿಯಾಗಿ ಗೊತ್ತಾಗಬೇಕು. ಗ್ರಾಹಿ ಎರಡು ತಿಂಗಳು ಮುಚ್ಚಿರುವುದಾದರೆ ಮೂರು ವಾರಕ್ಕೊಮ್ಮೆ ಬರಬೇಕೇ, ಆರು ವಾರಕ್ಕೊಮ್ಮೆ ಸಾಕೇ? ಗಡ್ಡೆಯೊಳಗಿನ ಟಿ ಕೋಶಗಳಲ್ಲೂ ರಕ್ತದಲ್ಲಿ ಕಂಡಷ್ಟೇ ಮುಚ್ಚುತ್ತದೆಯೇ? ಮಾತ್ರೆಗಳಿಲ್ಲದೆ 20 ಮಿಲಿಗ್ರಾಂ ಒಂದೇ ಏನು ಮಾಡೀತು? ಕಡಿಮೆ ಸಾಕೇ ಎಂದು ಪರೀಕ್ಷಿಸುವ ಆತುರ ಔಷಧ ಮಾರುವವರಿಗೆ ಇರುವುದಿಲ್ಲ. ಟಾಟಾ ಮೆಮೋರಿಯಲ್ ಮಾಡಿದಂತೆ ಸರ್ಕಾರಿ ದುಡ್ಡಿನಲ್ಲಿ, ನಮ್ಮ ಕಿದ್ವಾಯಿಯಲ್ಲೂ ಹುಬ್ಬಳ್ಳಿ, ಮಂಗಳೂರಿನ ಆಸ್ಪತ್ರೆಗಳಲ್ಲೂ ಸೇರಿ ಒಂದು ದೊಡ್ಡ ಪರೀಕ್ಷೆ ನಡೆದರೆ ಈ ಮೂರು ಪ್ರಶ್ನೆಗಳಿಗೂ ಉತ್ತರ ಸಿಗುತ್ತದೆ. ಸೀಸೆ ಹಂಚುವ ಲೆಕ್ಕದ ಪುಸ್ತಕವನ್ನು ನಮ್ಮ ವಿಭಾಗದಲ್ಲಿ ಅದಕ್ಕೆಂದೇ ದಿನಾಂಕ, ತೂಕ, ಡೋಸು, ತೊಂದರೆ ಎಲ್ಲ ಸೇರಿಸಿ ಬರೆದಿಡುತ್ತಿದ್ದೇವೆ.